ವಿದೇಶಿ ಭಾಷೆ ಕಲಿಯಲು ಕನ್ನಡವೇ ಮೆಟ್ಟಿಲು

ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆ ಎರಡು ಮೂರು ಭಾಷೆ ಆಡುವುದು ಯಾರಿಗೂ ದೊಡ್ಡ ವಿಷಯ ಅನ್ನಿಸುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು, ಅಂಗಡಿ ಬೀದಿಯಲ್ಲಿ ದಖ್ಖನಿ ಉರ್ದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಕೋಲಾರದ ಟೊಮೆಟೊ ಮಂಡಿಯಲ್ಲಿ ವ್ಯವಹಾರ ಮಾಡುವವರು ಪುಸ್ತಕ ಹಿಡಿದು ಈ ಭಾಷೆಗಳನ್ನು ಕಲಿತವರಲ್ಲ. ಕಿವಿಗೆ ಬಿದ್ದ ವಾಕ್ಯವನ್ನು ಇಡಿಯಾಗಿ ಎತ್ತಿಕೊಂಡು, ಅದರ ಅರ್ಥವನ್ನು ತಮ್ಮ ಮನೆಮಾತಿಗೆ ಕಟ್ಟಿಕೊಂಡು, ಮಾರನೇ ದಿನವೇ ಬಳಸಿದವರು.

ಅದೇ ಜನ ಜಪಾನಿಯನ್ನೋ ಜರ್ಮನ್ನನ್ನೋ ಹವ್ಯಾಸಕ್ಕೆಂದು ಕಲಿಯಲು ಕೂತಾಗ ಕ್ರಮವೇ ತಿರುಗಿಬೀಳುತ್ತದೆ. ಪುಸ್ತಕ ಇಂಗ್ಲಿಷಿನದು, ಆ್ಯಪ್ ಇಂಗ್ಲಿಷಿನದು. ಹೀಗಾಗಿ ಪ್ರತಿ ವಾಕ್ಯವೂ ಮೊದಲು ಇಂಗ್ಲಿಷಿಗೆ ಹೋಗಿ ಆಮೇಲೆ ತಲೆಗೆ ಬರುತ್ತದೆ. ಪುಸ್ತಕ ಇಂಗ್ಲಿಷಿನದೇ ಇರಲಿ, ಬೇರೆ ಸಿಗುವುದೂ ಕಷ್ಟ. ಆದರೆ ಅರ್ಥ ಬರೆದುಕೊಳ್ಳುವುದು ಕನ್ನಡದಲ್ಲೇ ಆಗಬೇಕು. ಇದು ಅಭಿಮಾನದ ಮಾತಲ್ಲ, ಕೆಲಸ ಹಗುರವಾಗುವ ಮಾತು. ಹೇಗೆ ಅನ್ನುವುದನ್ನು ಮುಂದೆ ಉದಾಹರಣೆ ಸಹಿತ ಹೇಳಿದೆ.

ಒಂದೇ ಭಾಷೆ ಹಿಡಿಯಿರಿ

ನರಸಾಪುರದಲ್ಲಿ ಹೊಂಡಾ ಕಾರ್ಖಾನೆ ಇದೆ ಎಂದು ಜಪಾನಿ, ಮಗಳು ಜರ್ಮನಿಗೆ ಓದಲು ಹೋಗಬಹುದು ಎಂದು ಜರ್ಮನ್, ಸೀರಿಯಲ್ ನೋಡಲು ಕೊರಿಯನ್ ಎಂದು ಮೂರನ್ನೂ ಒಟ್ಟಿಗೆ ಶುರು ಮಾಡಿದವರು ಮೂರು ತಿಂಗಳಲ್ಲಿ ಮೂರನ್ನೂ ಬಿಡುತ್ತಾರೆ. ಹವ್ಯಾಸವಾಗಿ ಕಲಿಯುವವರಿಗೆ ಆಯ್ಕೆಯ ಅಳತೆ ಒಂದೇ ಸಾಕು: ಆ ಭಾಷೆಯಲ್ಲಿ ದಿನಾ ಅರ್ಧ ಗಂಟೆ ಕೇಳಲು ಇಲ್ಲವೇ ನೋಡಲು ನಿಮಗೆ ನಿಜವಾಗಿ ಇಷ್ಟವಾದದ್ದು ಏನಾದರೂ ಇದೆಯೇ? ಅಡುಗೆ ವಿಡಿಯೊ, ಫುಟ್‌ಬಾಲ್ ವೀಕ್ಷಕ ವಿವರಣೆ, ಹಾಡು, ರೈತರ ಚಾನೆಲ್, ಏನಾದರೂ ಆಗಬಹುದು. ಇಲ್ಲದಿದ್ದರೆ ಆ ಭಾಷೆ ಬೇಡ.

ಎಷ್ಟು ಹೊತ್ತು ಹಿಡಿಯುತ್ತದೆ? ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆಯ ಲೆಕ್ಕದಲ್ಲಿ ಸ್ಪ್ಯಾನಿಷ್‌ನಲ್ಲಿ ಕೆಲಸಕ್ಕೆ ಬೇಕಾಗುವಷ್ಟು ಹಿಡಿತ ಬರಲು 600ರಿಂದ 750 ತರಗತಿ ಗಂಟೆ ಬೇಕು. ಜಪಾನಿ, ಕೊರಿಯನ್, ಚೀನಿ, ಅರಬ್ಬಿಗೆ ಸುಮಾರು 2,200. ಈ ಲೆಕ್ಕ ಇಂಗ್ಲಿಷ್ ಮನೆಮಾತಿನವರದು ಎಂಬುದನ್ನು ಮರೆಯಬೇಡಿ. ಜಪಾನಿಯ ವಾಕ್ಯರಚನೆ ಅವರಿಗೆ ತಲೆಕೆಳಗು, ನಮಗೆ ನೇರ. ನಮಗೂ ಹೊತ್ತು ತಿನ್ನುವುದು ಅಲ್ಲಿನ ಚಿತ್ರಲಿಪಿಯಾದ ಕಾಂಜಿ. ದಿನಕ್ಕೆ 40 ನಿಮಿಷ ಕೊಟ್ಟರೆ ವರ್ಷಕ್ಕೆ ಸುಮಾರು 240 ಗಂಟೆ ಆಗುತ್ತದೆ. ಅಷ್ಟರಲ್ಲಿ ಸ್ಪ್ಯಾನಿಷ್‌ನಲ್ಲಿ ಸರಳ ಮಾತುಕತೆ, ಜಪಾನಿಯಲ್ಲಿ ಮೊದಲ ಹಂತದ ಪರೀಕ್ಷೆ ದಾಟುವಷ್ಟು ಕಲಿಕೆ ಆಗುತ್ತದೆ. ಇದಕ್ಕಿಂತ ಬೇಗ ಎಂದು ಹೇಳುವ ಜಾಹೀರಾತನ್ನು ನಂಬಬೇಡಿ.

ಮೊದಲ ಎರಡು ವಾರ ಕಿವಿಗೆ

ಪದಪಟ್ಟಿಯಿಂದ ಶುರು ಮಾಡಬೇಡಿ. ತಪ್ಪಾಗಿ ಕೂತ ಉಚ್ಚಾರಣೆಯನ್ನು ಆಮೇಲೆ ಕೀಳುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಪಠ್ಯವೂ ಧ್ವನಿಯೂ ಎರಡೂ ಇರುವ ಪಾಠ ಆರಿಸಿಕೊಳ್ಳಿ. ಜಪಾನಿಗೆ ಜಪಾನ್ ಫೌಂಡೇಶನ್‌ನ ‘ಇರೊದೊರಿ’, ಎನ್‌ಎಚ್‌ಕೆ ವರ್ಲ್ಡ್‌ನ ಪಾಠಗಳು, ಜರ್ಮನ್‌ಗೆ ಡಾಯ್ಚೆ ವೆಲ್ಲೆಯ ‘ನಿಕೋಸ್ ವೆಗ್’, ಇವೆಲ್ಲ ಹಣ ಕೊಡದೆ ಸಿಗುತ್ತವೆ. ಒಂದು ನಿಮಿಷದ ಸಂಭಾಷಣೆ ಸಾಕು. ಅದನ್ನು ಎಂಟು ಹತ್ತು ಸೆಕೆಂಡಿನ ತುಂಡುಗಳಾಗಿ ಮಾಡಿಕೊಂಡು ಒಂದೊಂದಕ್ಕೂ ಹೀಗೆ ಮಾಡಿ:

1. ಪಠ್ಯ ನೋಡದೆ ಮೂರು ಸಲ ಕೇಳಿ.
2. ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಅರ್ಥ ಆಗದಿದ್ದರೂ ಪರವಾಗಿಲ್ಲ.
3. ಪಠ್ಯ ತೆರೆದು, ತಪ್ಪಿದ ಜಾಗಕ್ಕೆ ಕೆಂಪು ಗೆರೆ ಹಾಕಿ ಮತ್ತೆ ಕೇಳಿ.
4. ಧ್ವನಿಯ ಜೊತೆಜೊತೆಗೇ ಹೇಳಿ. ನಿಲ್ಲಿಸಿ ನಿಲ್ಲಿಸಿ ಹೇಳುವುದಲ್ಲ, ಅದೇ ವೇಗದಲ್ಲಿ, ಅದೇ ಏರಿಳಿತದಲ್ಲಿ.
5. ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ, ಮೂಲದ ಪಕ್ಕದಲ್ಲೇ ಕೇಳಿ.

ಎರಡನೇ ಹಂತದಲ್ಲಿ ಕನ್ನಡ ಲಿಪಿ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಜಪಾನಿಯಲ್ಲಿ ‘ಒಬಸಾನ್’ ಎಂದರೆ ಅತ್ತೆ, ಚಿಕ್ಕಮ್ಮ ಇಲ್ಲವೇ ನಡುವಯಸ್ಸಿನ ಹೆಂಗಸು, ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ ದೀರ್ಘ, ಒತ್ತಕ್ಷರ ನಮ್ಮ ಲಿಪಿಯಲ್ಲಿ ತಾನಾಗಿ ದಾಖಲಾಗುತ್ತವೆ. ರೋಮನ್ ಅಕ್ಷರದಲ್ಲಿ ಓದಿದವರು ‘ಅರಿಗಾಟೊ’ ಎನ್ನುತ್ತಾರೆ, ಕಿವಿಯಿಂದ ಬರೆದವರು ‘ಅರಿಗತೋ’ ಎಂದು ಸರಿಯಾಗಿ ಹಿಡಿಯುತ್ತಾರೆ. ನರಸಾಪುರದ ಬಸ್ಸಿನಲ್ಲಿ ಎಲ್ಲರೂ ಹೇಳುವ ಹೊಂಡಾ ಕೂಡ ಜಪಾನಿಯವರ ಬಾಯಲ್ಲಿ ‘ಹೊಂದ’. ಅವರ ತ, ದ ನಮ್ಮ ತ, ದಗಳಿಗೇ ಹತ್ತಿರ. ಸ್ಪ್ಯಾನಿಷ್, ಫ್ರೆಂಚ್‌ನಲ್ಲೂ ಹಾಗೇ. ಟ, ಡ ಮಾಡಿಬಿಡುವುದು ಇಂಗ್ಲಿಷ್ ಮೂಲಕ ಬಂದವರ ಚಾಳಿ.

ನಮ್ಮ ಬಾಯಿಗೇ ಅಂಟಿದ ತಪ್ಪುಗಳು ಬೇರೆ ಇವೆ. ಪದದ ಮೊದಲಿಗೆ ಬರುವ ಎ, ಒ ನಮ್ಮಲ್ಲಿ ‘ಯೆ’, ‘ವೊ’ ಆಗುತ್ತವೆ, ಎಷ್ಟು ಎನ್ನಲು ಯೆಷ್ಟು ಎಂದ ಹಾಗೆ. ಜಪಾನಿಯ ‘ಎಕಿ’, ಅಂದರೆ ರೈಲು ನಿಲ್ದಾಣ, ‘ಯೆಕಿ’ ಆದರೆ ಕೇಳಿದವರಿಗೆ ಗೊಂದಲ. ಇನ್ನೊಂದು, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸುವುದು. ಜರ್ಮನ್‌ನ ‘ಗೂಟ್’, ಅಂದರೆ ಒಳ್ಳೆಯದು, ‘ಗೂಟು’ ಆಗಬಾರದು. ಮೂರನೆಯದು ಹಕಾರ. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಹಾಲು ಆಲು ಆಗುವುದು ಸಹಜ, ಕನ್ನಡದಲ್ಲಿ ಅದರಿಂದ ಕೆಡುವುದೇನಿಲ್ಲ. ಜರ್ಮನ್‌ನಲ್ಲಿ ಮಾತ್ರ ‘ಹೌಸ್’ ಎಂದರೆ ಮನೆ, ‘ಔಸ್’ ಎಂದರೆ ಹೊರಗೆ. ಇಂಥ ಜೋಡಿಗಳನ್ನು ದಿನಾ ಹತ್ತು ಸಲ ಹೇಳಿ ಬಾಯಿ ಪಳಗಿಸಬೇಕು.

ಫ್ರೆಂಚ್‌ನ ಮೂಗಿನ ಸ್ವರಗಳು, ಜರ್ಮನ್‌ನ ತುಟಿ ಸುತ್ತಿ ಹೇಳುವ ಇ, ಕೊರಿಯನ್‌ನ ಮೂರು ಬಗೆಯ ಕ, ಇವು ಕನ್ನಡ ಅಕ್ಷರಕ್ಕೆ ಸಿಗುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆದುಕೊಳ್ಳುವುದು ಒಂದು ತಿಂಗಳ ಮಟ್ಟಿಗೆ. ಆಮೇಲೆ ಆ ಭಾಷೆಯ ಲಿಪಿಯಲ್ಲೇ ಓದಿ.

ಲಿಪಿ

ಸ್ಪ್ಯಾನಿಷ್, ಜರ್ಮನ್‌ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅಕ್ಷರ ಗೊತ್ತಿರುವುದೇ, ಓದುವ ನಿಯಮ ಮಾತ್ರ ಬೇರೆ. ಜಪಾನಿಗೆ ಕಾಂಜಿಯಲ್ಲದೆ ಹಿರಗನ, ಕತಕನ ಎಂಬ ಎರಡು ಲಿಪಿ, ಒಂದೊಂದರಲ್ಲೂ 46 ಮೂಲಾಕ್ಷರ. ಹಿರಗನದ ಸಾಲು ನೋಡಿ: ಅ, ಕ, ಸ, ತ, ನ, ಹ, ಮ, ಯ, ರ, ವ. ಅಲ್ಲಿನ ಹಕಾರ ಹಿಂದೆ ಪಕಾರವಾಗಿತ್ತು. ಸಕಾರ ಕೂತಿರುವುದು ಚಕಾರದ ಜಾಗದಲ್ಲಿ. ಅಂದರೆ ಕ ಚ ತ ಪ ಯ ರ ವ ಎಂಬ ನಮ್ಮ ವರ್ಣಮಾಲೆಯ ಕ್ರಮವೇ. ಬೌದ್ಧ ಗ್ರಂಥಗಳ ಜೊತೆ ಹೋದ ಸಂಸ್ಕೃತದ ಅಕ್ಷರ ಕ್ರಮವನ್ನು ಅನುಸರಿಸಿ ಅಲ್ಲಿಯವರು ಜೋಡಿಸಿದ್ದು ಅದು. ದಿನಕ್ಕೊಂದು ಸಾಲು ತೆಗೆದುಕೊಂಡರೆ ಹತ್ತು ದಿನಕ್ಕೆ ಹಿರಗನ ಮುಗಿಯುತ್ತದೆ, ಇನ್ನು ಹತ್ತು ದಿನಕ್ಕೆ ಕತಕನ.

ಕಾಂಜಿಯನ್ನು ಮೊದಲ ತಿಂಗಳು ಮುಟ್ಟಬೇಡಿ. ನಿತ್ಯ ಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಇವೆ. ಬಾಯಲ್ಲಿ ಇನ್ನೂರು ಮುನ್ನೂರು ಪದ ಓಡಾಡತೊಡಗಿದ ಮೇಲೆ, ಗೊತ್ತಿರುವ ಪದದ ಕಾಂಜಿಯನ್ನೇ ಕಲಿಯಿರಿ. ಗೊತ್ತಿಲ್ಲದ ಪದಕ್ಕೆ ಗೊತ್ತಿಲ್ಲದ ಚಿತ್ರ ಜೋಡಿಸಿದರೆ ಎರಡೂ ನಿಲ್ಲುವುದಿಲ್ಲ. ಬರೆಯಲು ಮಕ್ಕಳ ಗಣಿತದ ಚೌಕದ ನೋಟ್‌ಬುಕ್ ಒಳ್ಳೆಯದು, ನಾಲ್ಕು ಚೌಕ ಸೇರಿಸಿ ಒಂದು ಅಕ್ಷರ.

ಕೊರಿಯನ್‌ನ ಹಂಗುಲ್ ಇನ್ನೂ ಸುಲಭ. ಮೂಲಾಕ್ಷರ 24, ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಗುಡ್ಡೆ ಮಾಡುವ ಕ್ರಮ. ಕಾಗುಣಿತ ಕಲಿತವರಿಗೆ ವಾರ ಸಾಕು.

ವಾಕ್ಯವನ್ನು ಕನ್ನಡಕ್ಕೆ ಕಟ್ಟುವುದು

ಜಪಾನಿಯಲ್ಲಿ ‘ವತಶಿ ಗ ಕಿನೋ ಯೊಂದ ಹೊನ್’. ಪದಕ್ಕೆ ಪದ ಇಟ್ಟರೆ: ನಾನು, ನಿನ್ನೆ, ಓದಿದ, ಪುಸ್ತಕ. ಒಂದು ಪದವನ್ನೂ ಜರುಗಿಸಬೇಕಿಲ್ಲ. ಇಂಗ್ಲಿಷ್ ಪುಸ್ತಕಗಳು ಇದಕ್ಕೊಂದು ಇಡೀ ಅಧ್ಯಾಯ ಕೊಡುತ್ತವೆ. ಕನ್ನಡಿಗರು ಅದನ್ನು ಒಂದು ಸಂಜೆಯಲ್ಲಿ ದಾಟಬಹುದು.

ಜೋಡಿ ಕ್ರಿಯಾಪದಗಳು ಇದಕ್ಕಿಂತ ಹತ್ತಿರ. ‘ತಬೆತೆ ಮಿರು’ ಎಂದರೆ ತಿಂದು ನೋಡು. ಅಲ್ಲಿನ ‘ಮಿರು’ ಎಂದರೆ ಕಣ್ಣಲ್ಲಿ ನೋಡುವುದೇ, ಆದರೆ ನಮ್ಮಲ್ಲಿಯಂತೆ ರುಚಿ ನೋಡಲೂ ಪ್ರಯತ್ನಿಸಲೂ ಬರುತ್ತದೆ. ‘ಕಯಿತೆ ಒಕು’ ಬರೆದಿಡು. ‘ತಬೆತೆ ಶಿಮತ್ತ’ ತಿಂದುಬಿಟ್ಟೆ, ಅದರಲ್ಲಿನ ‘ಅಯ್ಯೋ’ ಎಂಬ ಭಾವವೂ ಸೇರಿ. ‘ಇಕು ತೊ ಇತ್ತ’ ಎಂದರೆ ಹೋಗ್ತೀನಿ ಅಂತ ಹೇಳಿದ, ‘ತೊ’ ಇರುವಲ್ಲಿ ನಮ್ಮ ‘ಅಂತ’ ಕೂರುತ್ತದೆ. ಮನುಷ್ಯರನ್ನು ಎಣಿಸಲು ನಾವು ಒಬ್ಬ, ಇಬ್ಬರು ಎಂದು ಬೇರೆ ರೂಪ ಬಳಸುವಂತೆ ಅವರು ‘ಹಿತೊರಿ’, ‘ಫುತರಿ’ ಎನ್ನುತ್ತಾರೆ. ಕೊರಿಯನ್‌ನಲ್ಲೂ ‘ತಿಂದು ನೋಡು’ ಇದೇ ರೀತಿ ಕಟ್ಟುತ್ತದೆ. ಇಷ್ಟಕ್ಕೇ ಎರಡೂ ನಮ್ಮ ಭಾಷೆಯ ಒಡಹುಟ್ಟು ಎಂದು ಹೊರಡುವುದು ಬೇಡ, ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಕಲಿಯುವವರಿಗೆ ರಚನೆ ಹೊಂದಿದರೆ ಸಾಕು.

ಯೂರೋಪಿನ ಭಾಷೆಗಳಲ್ಲಿ ಪದಕ್ರಮ ಹೊಂದುವುದಿಲ್ಲ. ಆದರೂ ಕನ್ನಡ ಕೈಬಿಡದ ಒಂದು ಜಾಗ ಇದೆ, ‘ನನಗೆ’ ಎಂಬಲ್ಲಿ. ಸ್ಪ್ಯಾನಿಷ್‌ನ ‘ಮೆ ಗುಸ್ತ ಎಲ್ ಕಫೆ’ ಎಂದರೆ ನನಗೆ ಕಾಫಿ ಇಷ್ಟವಾಗುತ್ತದೆ. ಹಣ್ಣುಗಳಾದರೆ ‘ಮೆ ಗುಸ್ತಾನ್’, ನಮ್ಮ ಇಷ್ಟವಾಗುತ್ತವೆ ಇದ್ದ ಹಾಗೇ ಬಹುವಚನ. ಇಂಗ್ಲಿಷ್ ಮೂಲಕ ಬಂದವರು ಇಲ್ಲಿ ‘ನಾನು’ ಹುಡುಕುತ್ತಾ ವರ್ಷಗಟ್ಟಲೆ ತಪ್ಪುತ್ತಾರೆ. ಜರ್ಮನ್‌ನಲ್ಲಿ ‘ಮಿಯರ್ ಇಸ್ಟ್ ಕಾಲ್ಟ್’, ನನಗೆ ಚಳಿ. ಅದನ್ನೇ ಇಂಗ್ಲಿಷಿನ ಜಾಡಿನಲ್ಲಿ ‘ನಾನು’ ಇಟ್ಟು ಹೇಳಿದರೆ ನಾನು ಕಲ್ಲುಮನಸ್ಸಿನವನು ಎಂಬ ಅರ್ಥ ಬಂದೀತು. ಫ್ರೆಂಚ್‌ನ ‘ಇಲ್ ಮ ಫೋ’ ನಮ್ಮ ‘ನನಗೆ ಬೇಕು’. ರಷ್ಯನ್ನಿನಲ್ಲಂತೂ ‘ನನ್ನ ಹತ್ತಿರ ದುಡ್ಡಿದೆ’ ಎಂಬುದು ಹೆಚ್ಚುಕಡಿಮೆ ಹಾಗೇ ಬರುತ್ತದೆ. ‘ಅವರು ಡಾಕ್ಟರು’ ಎನ್ನಲು ನಮ್ಮಂತೆ ಅವರಿಗೂ ಕ್ರಿಯಾಪದ ಬೇಡ. ಮನೆಮಾತು ತೆಲುಗು ಆಗಿದ್ದವರಿಗೆ ಇನ್ನೊಂದು ಲಾಭ: ಮನಮು (ಕೇಳುವವರೂ ಸೇರಿದ ನಾವು), ಮೇಮು (ಅವರನ್ನು ಬಿಟ್ಟ ನಾವು) ಎಂಬ ಭೇದ ಕನ್ನಡದಲ್ಲಿಲ್ಲ, ಇಂಡೋನೇಷ್ಯನ್‌ನಲ್ಲಿ ‘ಕಿತ’, ‘ಕಮಿ’ ಎಂದು ಸರಿಯಾಗಿ ಇದೆ.

ಕನ್ನಡ ದಾರಿ ತಪ್ಪಿಸುವ ಕಡೆಗಳೂ ಇವೆ, ಅವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಹೋದೆ, ಹೋದ, ಹೋದಳು ಎಂದು ನಮ್ಮ ಕ್ರಿಯಾಪದವೇ ಯಾರು ಎಂದು ಹೇಳುತ್ತದೆ. ಜಪಾನಿಯಲ್ಲಿ ಎಲ್ಲಕ್ಕೂ ‘ಇತ್ತ’ (ಮೇಲೆ ಬಂದ, ಹೇಳಿದ ಎಂಬ ಅರ್ಥದ ‘ಇತ್ತ’ ಬೇರೆ ಪದ). ಕರ್ತೃವನ್ನು ಅವರೂ ಬಿಡುತ್ತಾರೆ, ಹಾಗಾಗಿ ಯಾರು ಹೋದದ್ದು ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು. ನಮಗೆ ಈ, ಆ ಎರಡೇ. ಅವರಿಗೆ ‘ಕೊನೊ’, ‘ಸೊನೊ’, ‘ಅನೊ’ ಮೂರು, ನಡುವಿನದು ಕೇಳುವವರ ಹತ್ತಿರ ಇರುವುದಕ್ಕೆ. ಜರ್ಮನ್‌ನ ಲಿಂಗ ಅರ್ಥವನ್ನು ನೋಡುವುದಿಲ್ಲ. ಹುಡುಗಿ ಎಂಬ ಪದವೇ ಅಲ್ಲಿ ನಪುಂಸಕ ಲಿಂಗ. ಆದ್ದರಿಂದ ನಾಮಪದವನ್ನು ‘ಡೇರ್, ಡೀ, ಡಾಸ್’ ಸೇರಿಸಿಯೇ ಕಲಿಯಿರಿ, ಒಂಟಿಯಾಗಿ ಒಂದನ್ನೂ ಬರೆಯಬೇಡಿ. ನಾವು ‘ಕಾಫಿ ಕುಡಿದೆ’ ಎಂದು ದ್ವಿತೀಯಾ ವಿಭಕ್ತಿ ಬಿಟ್ಟುಬಿಡುತ್ತೇವೆ. ಜರ್ಮನ್‌ನಲ್ಲಿ ಬಿಡುವಂತಿಲ್ಲ, ಪುಲ್ಲಿಂಗವಾದರೆ ‘ಡೇರ್’ ಹೋಗಿ ‘ಡೇನ್’ ಬರಲೇಬೇಕು.

ಕಾರ್ಡು

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೆನಪಿಸಿಕೊಂಡರೆ ಪ್ರತಿ ಸಲ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ. ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ ಇರುವ ಕಾರ್ಡುಗಳನ್ನು ತೋರಿಸುತ್ತಾ ಈ ಲೆಕ್ಕವನ್ನು ಫೋನಿನಲ್ಲಿ ಮಾಡುವುದು ಆಂಕಿ ಎಂಬ ಆ್ಯಪ್. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಹಣ ಬೇಡ, ಐಫೋನಿನಲ್ಲಿ ಮಾತ್ರ ಕೊಳ್ಳಬೇಕು.

ಅದರಲ್ಲಿ ಮೊದಲು ಮಾಡಬೇಕಾದ ಕೆಲಸ, ದಿನಕ್ಕೆ 20 ಹೊಸ ಕಾರ್ಡು ಎಂದು ಇರುವುದನ್ನು 6ಕ್ಕೆ ಇಳಿಸುವುದು. ದಿನಾ 20 ಹೊಸದು ಹಾಕುತ್ತಾ ಹೋದರೆ ಕೆಲವೇ ವಾರಗಳಲ್ಲಿ ದಿನಕ್ಕೆ ಸುಮಾರು 200 ಹಳೆಯ ಕಾರ್ಡುಗಳು ಮುಂದೆ ಬಂದು ಕೂರುತ್ತವೆ. ಹೆಚ್ಚಿನವರು ಕೈಬಿಡುವುದು ಅಲ್ಲೇ, ಭಾಷೆ ಕಷ್ಟ ಎಂದಲ್ಲ.

ಫೋನು ಬೇಡ ಎನ್ನುವವರು ಹಳೆಯ ಲಗ್ನಪತ್ರಿಕೆಗಳನ್ನು ನಾಲ್ಕು ನಾಲ್ಕು ತುಂಡು ಮಾಡಿ, ಚಪ್ಪಲಿ ಡಬ್ಬದಲ್ಲಿ ಐದು ಖಾನೆ ಮಾಡಿಕೊಳ್ಳಿ. ಮಿರುಗುವ ಕಾಗದದ ಮೇಲೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಬಾಲ್‌ಪೆನ್ ಬಳಸಿ. ಮೊದಲ ಖಾನೆ ದಿನಾ, ಎರಡನೆಯದು ದಿನ ಬಿಟ್ಟು ದಿನ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ವಾರಕ್ಕೆ, ಐದನೆಯದು ಹದಿನೈದು ದಿನಕ್ಕೊಮ್ಮೆ. ಸರಿಯಾದರೆ ಮುಂದಿನ ಖಾನೆಗೆ, ತಪ್ಪಿದರೆ ಯಾವ ಖಾನೆಯಿಂದಲಾದರೂ ಮೊದಲನೆಯದಕ್ಕೆ.

ಕಾರ್ಡಿನಲ್ಲಿ ಒಂಟಿ ಪದ ಬರೆಯಬೇಡಿ. ಮುಂದಿನ ಬದಿಯಲ್ಲಿ ಆಡುಗನ್ನಡದ ವಾಕ್ಯ: ‘ಇದನ್ನ ತಿಂದು ನೋಡ್ತೀನಿ.’ ಹಿಂದಿನ ಬದಿಯಲ್ಲಿ: ‘ಕೊರೆ ಒ ತಬೆತೆ ಮಿಮಸ್.’ ಒಂದು ಕಾರ್ಡಿನಲ್ಲಿ ಹೊಸದು ಒಂದೇ ಇರಬೇಕು, ಮಿಕ್ಕದ್ದೆಲ್ಲ ಗೊತ್ತಿರುವುದೇ ಆಗಿರಬೇಕು. ತಿರುಗಿಸುವ ಮೊದಲು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ‘ಗೊತ್ತು’ ಎಂದುಕೊಂಡದ್ದು ಮಾತಿನ ಹೊತ್ತಿಗೆ ಬರುವುದಿಲ್ಲ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡಿನ ಕಟ್ಟುಗಳು ಸಿಗುತ್ತವೆ, ಆದರೆ ನಿಮ್ಮ ಪಾಠದಿಂದ ನೀವೇ ಬರೆದದ್ದು ನಿಲ್ಲುವಷ್ಟು ಅವು ನಿಲ್ಲುವುದಿಲ್ಲ.

ದಿನದ 40 ನಿಮಿಷ

ಬೆಳಿಗ್ಗೆ ಕಾರ್ಡಿಗೆ 10, ಹೊಸ ಪಾಠ ಕೇಳಲು 15, ಜೊತೆಜೊತೆಗೆ ಹೇಳಲು 10, ಆ ದಿನದ ಮೂರು ವಾಕ್ಯ ಬರೆಯಲು 5. ತುಮಕೂರು, ಬಂಗಾರಪೇಟೆ ಕಡೆಯಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಆ ಹೊತ್ತನ್ನು ಹಳೆಯ ಪಾಠ ಮತ್ತೆ ಕೇಳಲು ಇಡಿ. ಹೊಸ ಪಾಠ ಗದ್ದಲದಲ್ಲಿ ಬೇಡ, ಮೆಲುದನಿಯ ಅಕ್ಷರಗಳು ಕೇಳಿಸದೆ ತಪ್ಪಾಗಿ ಕೂರುತ್ತವೆ. ಮಧ್ಯೆ ಸಿಗ್ನಲ್ ಹೋಗುತ್ತದೆ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ವಿಡಿಯೊ ನೋಡುವಾಗ ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ಆ ಭಾಷೆಯದೇ ಸಬ್‌ಟೈಟಲ್ ಹಾಕಿ, ಇಲ್ಲವೇ ಯಾವುದೂ ಬೇಡ.

ಮಾತು, ತರಗತಿ, ಪರೀಕ್ಷೆ

ಮೂರನೇ ತಿಂಗಳಿಂದ ಆ ಭಾಷೆಯವರೊಡನೆ ಮಾತಾಡಿ. ಭಾಷೆ ವಿನಿಮಯದ ಆ್ಯಪ್‌ಗಳಲ್ಲಿ ಜೊತೆಗಾರರು ಸಿಗುತ್ತಾರೆ. ಅರ್ಧ ಗಂಟೆಯಲ್ಲಿ 15 ನಿಮಿಷ ಅವರ ಭಾಷೆ, 15 ನಿಮಿಷ ನೀವು ಕಲಿಸುವ ಭಾಷೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ, ಇಲ್ಲದಿದ್ದರೆ ಇಡೀ ಮಾತು ಇಂಗ್ಲಿಷಿಗೆ ಜಾರುತ್ತದೆ. ಜಪಾನ್, ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ, ನಮ್ಮ ಸಂಜೆ 6 ಅವರಿಗೆ ರಾತ್ರಿ 9.30. ಜರ್ಮನಿ, ಸ್ಪೇನ್ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಹಾಗಾಗಿ ನಮ್ಮ ರಾತ್ರಿ 9.30 ಅವರ ಸಂಜೆ. ದುಡ್ಡು, ಉಡುಗೊರೆ, ವೀಸಾ ಎಂದು ಮಾತು ತೆಗೆದವರನ್ನು ಅಲ್ಲೇ ಬ್ಲಾಕ್ ಮಾಡಿ. ಹೊಸ ಭಾಷೆಯಲ್ಲಿ ಮೋಸದ ಮಾತಿನ ಧಾಟಿ ನಮಗೆ ಸುಲಭವಾಗಿ ತಿಳಿಯುವುದಿಲ್ಲ.

ಬೆಂಗಳೂರಿನಲ್ಲಿ ಜರ್ಮನ್‌ಗೆ ಗೋಯೆಥೆ ಸಂಸ್ಥೆ, ಫ್ರೆಂಚ್‌ಗೆ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಕೋಲಾರದಿಂದಲೋ ಚಿಕ್ಕಬಳ್ಳಾಪುರದಿಂದಲೋ ವಾರಕ್ಕೆರಡು ಸಲ ಹೋಗಿಬರುವುದರಲ್ಲಿ ಕಲಿಯುವ ಹೊತ್ತಿಗಿಂತ ಬಸ್ಸಿನ ಹೊತ್ತೇ ಹೆಚ್ಚಾಗುತ್ತದೆ. ಮೊದಲ ಹಂತಕ್ಕೆ ಆನ್‌ಲೈನ್ ತರಗತಿ ಸಾಕು, ಪರೀಕ್ಷೆಗೆ ಮಾತ್ರ ಬೆಂಗಳೂರಿಗೆ ಹೋಗಿ. ಜಪಾನಿಯ ಜೆಎಲ್‌ಪಿಟಿ ಪರೀಕ್ಷೆ ಜುಲೈ, ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಅರ್ಜಿ ಕೆಲವು ತಿಂಗಳ ಮೊದಲೇ ಮುಗಿದಿರುತ್ತದೆ. ಅದರಲ್ಲಿ ಮಾತಾಡುವ ಭಾಗವೇ ಇಲ್ಲ, ಬರೆಯುವುದೂ ಇಲ್ಲ, ಉತ್ತರಕ್ಕೆ ಗುರುತು ಹಾಕುವುದಷ್ಟೇ. ಅದಕ್ಕೇ ಓದಿದವರು ಪಾಸಾಗಿಯೂ ಬಾಯಿ ತೆರೆಯಲು ಹೆದರುತ್ತಾರೆ. ಗೋಯೆಥೆಯ ಮೊದಲ ಹಂತದ ಎ1 ಪರೀಕ್ಷೆಯಲ್ಲಿ ಕೇಳು, ಓದು, ಬರೆ, ಮಾತಾಡು ನಾಲ್ಕೂ ಇವೆ. ಜಪಾನಿಗೆ ಕೂತವರೂ ಮನೆಯಲ್ಲಿ ಆ ನಾಲ್ಕನ್ನೂ ಮಾಡಬೇಕು.

ಬಿಟ್ಟುಹೋದಾಗ

ಹಬ್ಬ, ಮದುವೆ, ಮಾವಿನ ಕೊಯ್ಲು, ಮಕ್ಕಳ ಪರೀಕ್ಷೆ ಬಂದಾಗ ಹದಿನೈದು ದಿನ ತಪ್ಪುವುದು ಸಹಜ. ಮರಳಿ ಬಂದಾಗ ಆಂಕಿಯಲ್ಲಿ ನಾನೂರು ಐನೂರು ಕಾರ್ಡು ಕಾಯುತ್ತಿರುತ್ತವೆ, ಅದನ್ನು ಕಂಡೇ ಎಷ್ಟೋ ಜನ ಮುಚ್ಚಿಬಿಡುತ್ತಾರೆ. ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ. ದಿನಕ್ಕೆ 80 ಮಾತ್ರ ಬರುವಂತೆ ಮಿತಿ ಹಾಕಿ. ಮೂರು ಸಲ ತಪ್ಪಿದ ಕಾರ್ಡನ್ನು ತೆಗೆದುಹಾಕಿ, ಅದು ನಿಮ್ಮ ತಪ್ಪಲ್ಲ, ಕಾರ್ಡು ಕೆಟ್ಟದಾಗಿ ಬರೆದದ್ದು. ವಾಕ್ಯ ಚಿಕ್ಕದು ಮಾಡಿ ಮತ್ತೆ ಬರೆಯಿರಿ. ಪಾಠವನ್ನು ಮೊದಲಿಂದ ಶುರು ಮಾಡಬೇಡಿ. ಮೊದಲ ಐದು ಪಾಠವನ್ನೇ ವರ್ಷಕ್ಕೆ ನಾಲ್ಕು ಸಲ ಓದುವವರು ಆರನೆಯದಕ್ಕೆ ಬರುವುದೇ ಇಲ್ಲ. ನಿಂತ ಪಾಠಕ್ಕಿಂತ ಎರಡು ಪಾಠ ಹಿಂದಿನ ಧ್ವನಿಯನ್ನು ಎರಡು ದಿನ ಕೇಳಿ, ಮೂರನೇ ದಿನ ನಿಂತಲ್ಲಿಂದ ಮುಂದುವರಿಸಿ. ಬಾಕಿ ಕಾರ್ಡು ಐವತ್ತಕ್ಕಿಂತ ಕೆಳಗೆ ಬಂದ ದಿನ ಹೊಸದನ್ನು ಮೂರಕ್ಕೆ ಏರಿಸಿ, ಮಾರನೇ ವಾರ ಆರಕ್ಕೆ.